ಗಾಜಿನ ಮೇಲಿನ ಕುಂಕುಮ

ನನ್ನ ಸೋದರತ್ತೆಗೆ ಗಾಜು ಯಾವುದು, ಹಣೆ ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಕಣ್ಣಿನ ದೋಷವೆಂದು ಭಾವಿಸಬೇಡಿ. ಕಣ್ಣು ಬಲು ಚುರುಕು! ಬಬಲೇಶ್ವರದ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ಬಸ್ಸಿಳಿದು ಬರುವವರು ಯಾರ ಮನೆಯ ಬೀಗರೆಂದು ನಡಿಗೆ ನೋಡಿಯೇ ಹೇಳಬಲ್ಲಳು. ಆದರೆ ಅದೇ ಅತ್ತೆಯ ಮುಂದೆ ಫೋನಿನಲ್ಲಿ ಆನ್‌ಲೈನ್ ಮೀಟಿಂಗ್ ತೆರೆದಿಡಿ. ಅದರಲ್ಲಿ ಕಾಣುವವರೆಲ್ಲ ಆಕೆಯ ಪಡಸಾಲೆಗೆ ಬಂದು ಕುಳಿತವರೇ. ಬಂದವರನ್ನು ಊಟವಾಯಿತೇ ಎಂದು ಕೇಳಬೇಕು. ಹೊರಟ ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ ಕಳಿಸಬೇಕು. ಎಲ್ಲಿಗೆ ಹಚ್ಚುತ್ತಾಳೆ? ಫೋನಿನ ಗಾಜಿಗೆ!

ನಗುವವರು ನಗಬಹುದು, ನಾನೂ ಬಹಳ ನಕ್ಕಿದ್ದೇನೆ. ಆದರೆ ಇಂದು ಬಲಗೈಯಲ್ಲಿ ಪೆನ್ನು ಹಿಡಿದು ಇಷ್ಟು ಬರೆಯುತ್ತಿದ್ದೇನೆಂದರೆ ಅದು ಆ ಗಾಜಿನ ಕುಂಕುಮದ ಉಪಕಾರ. ಕೈ ಈಗ ನಿಧಾನ. ಹಾಗಾಗಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ. ಅತ್ತೆಯ ವಿಷಯದಲ್ಲಿ ಬಣ್ಣ ಕಟ್ಟುವ ಅಗತ್ಯವಾದರೂ ಎಲ್ಲಿದೆ?

ಈ ಮೀಟಿಂಗ್ ಶುರುವಾದದ್ದು ಕರೋನಾ ಕಾಲದಲ್ಲಿ, ಯಾರೂ ಯಾರ ಮನೆಗೂ ಹೋಗುವಂತಿಲ್ಲವೆಂದಾಗ. ಟಿಕೋಟಾದಲ್ಲಿರುವ ನನ್ನ ತಂಗಿ ಅದನ್ನು ಹುಟ್ಟುಹಾಕಿದಳು. ಕರೋನಾ ಹೋಯಿತು, ಮೀಟಿಂಗ್ ಉಳಿಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿಕೋಟಾದಿಂದ ತಂಗಿ, ಹೊನವಾಡದಿಂದ ಚಿಕ್ಕಪ್ಪನ ಹೆಂಡತಿ ಕಾಕು, ಬಬಲೇಶ್ವರದಿಂದ ಅತ್ತೆ, ವಿಜಯಪುರದ ಜಲನಗರದಿಂದ ನಾನು, ಹೀಗೆ ಮನೆತನದ ಹೆಂಗಸರೆಲ್ಲ ಸೇರುತ್ತೇವೆ. ನಾನು ಪ್ರೌಢಶಾಲೆಯ ಶಿಕ್ಷಕಿ; ಮಗಳು ಧಾರವಾಡದಲ್ಲಿ ಓದುತ್ತಾಳೆ; ಮನೆಯಲ್ಲಿ ಒಬ್ಬಳೇ. ಅತ್ತೆಯ ಸೊಸೆ ಫೋನನ್ನು ಶೇಂಗಾ ಹಿಂಡಿಯ ಡಬ್ಬಿಗೆ ಒರಗಿಸಿಟ್ಟು ಕೈತೊಳೆದುಕೊಂಡರೆ ಆಯಿತು, ಮುಂದಿನದೆಲ್ಲ ಅತ್ತೆಯ ರಾಜ್ಯ!

ಆ ರಾಜ್ಯದ ಮೊದಲ ಕಾನೂನು, ಯಾರೂ ಮೈಕ್ ಬಂದ್ ಮಾಡಬಾರದು. ಒಬ್ಬರು ಮಾತಾಡುವಾಗ ಉಳಿದವರು ಮ್ಯೂಟ್ ಮಾಡಿಕೊಳ್ಳಬೇಕೆಂದು ತಂಗಿ ತಿಳಿಸಿ ಹೇಳಿದಾಗ ಅತ್ತೆ ಹೌಹಾರಿದಳು. “ಮನಿಗೆ ಬಂದವರ ಬಾಯಿ ಮುಚ್ಚಿಸಿ ಕುಂಡ್ರಸ್ತಾರೇನ ಯಾರರ? ನಮ್ಮ ಮನಿತನದಾಗ ಇಲ್ಲ ಅದು!”

ಹೀಗಾಗಿ ಆಕೆಯ ಮೈಕಿನಿಂದ ಮಿಕ್ಸರ್, ಎಮ್ಮೆ, ಪಕ್ಕದ ಮನೆಯ ಟೀವಿ, ಎಲ್ಲವೂ ಮೀಟಿಂಗಿಗೆ ಹಾಜರಿ ಹಾಕುತ್ತವೆ. ಒಮ್ಮೆ ಬಾಗಿಲಿಗೆ ಬದನೆಕಾಯಿಯವನು ಬಂದ. ಅತ್ತೆ ಚೌಕಾಸಿಗೆ ಇಳಿದಳು. ಹೊನವಾಡದ ಕಾಕು ಫೋನಿನೊಳಗಿನಿಂದಲೇ ಕೂಗಿದಳು: “ಅಕ್ಕಾರ, ತಗೋಬ್ಯಾಡ್ರಿ! ನಮ್ಮೂರಾಗ ಇದಕ್ಕಿಂತ ಸೋವಿ ಅದಾವ!” ಟಿಕೋಟಾದಿಂದ ತಂಗಿ ದನಿಗೂಡಿಸಿದಳು: “ಹುಳಕ ಅದಾವೇನ್ ನೋಡ್ರಿ ಅತ್ತಿ!” ಬಾಗಿಲಲ್ಲಿ ಒಬ್ಬಳೇ ಮುದುಕಿ, ಜಗಳಕ್ಕೆ ಮಾತ್ರ ಮೂರೂರು! ಆತ ಬುಟ್ಟಿ ಹೊತ್ತು ಓಡಿದನಂತೆ. ಇದು ಅತ್ತೆಯ ಸೊಸೆ ಹೇಳಿದ್ದು. ನಮಗೆ ಕಂಡದ್ದು ಬರೀ ಅತ್ತೆಯ ಖಾಲಿ ಜಾಗ ಮತ್ತು ಗೋಡೆಯ ಮೇಲಿನ ಕ್ಯಾಲೆಂಡರ್.

ಎರಡನೆಯ ಕಾನೂನು, ಕ್ಯಾಮರಾ ಬಂದ್ ಮಾಡಬಾರದು. “ಮಾರಿ ಮುಚ್ಕೊಂಡು ಮಾತಾಡಾವ ಒಂದೋ ಕಳ್ಳ ಇರಬೇಕು, ಇಲ್ಲಾ ಹಲ್ಲಿನ ಸೆಟ್ ಮರತು ಬಂದಿರಬೇಕು” ಎಂದು ಆಕೆಯ ತೀರ್ಪು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೇನೆ, ಹಳೆಯ ನೈಟಿಯಲ್ಲಿದ್ದೇನೆ ಎಂದರೆ ನಡೆಯುವುದಿಲ್ಲ. “ಇರ್ಲಿ ಬೇ, ನಾವೇನು ನಿನ್ನ ನೋಡಾಕ ಬಂದ ಬೀಗರೇನು?”

ಈ ಕಾನೂನುಗಳು ನಮ್ಮ ಮನೆತನದ ಮಟ್ಟಿಗೆ ನಿಂತಿದ್ದರೆ ಪರವಾಗಿರಲಿಲ್ಲ! ಒಮ್ಮೆ ಅತ್ತೆ ನಮ್ಮ ಮನೆಗೆ ಬಂದಾಗಲೇ ನನ್ನ ಇಲಾಖೆಯ ಮೀಟಿಂಗ್ ಬಂತು. ಸಾಹೇಬರು ಶಿಕ್ಷಕರನ್ನೆಲ್ಲ ಬೈಯುತ್ತಿದ್ದರು. ನಾವೆಲ್ಲ ಮೈಕ್ ಬಂದ್ ಮಾಡಿ ತಲೆ ತಗ್ಗಿಸಿ ಕುಳಿತಿದ್ದೆವು. ನನ್ನ ಸರದಿ ಬಂದು ಮೈಕ್ ತೆರೆದೆ ನೋಡಿ, ಹೆಗಲ ಮೇಲಿಂದ ಅತ್ತೆಯ ಮುಖ ಇಣುಕಿತು. “ಸಾಹೇಬ್ರ, ಊಟಾ ಆತೇನ್ರಿ?”

ನನ್ನ ಜೀವ ಬಾಯಿಗೆ ಬಂತು. ಸಾಹೇಬರು ಬೈಯುವುದನ್ನು ಬಿಟ್ಟು ಕ್ಯಾಮರಾದತ್ತ ಬಗ್ಗಿದರು. ಆಮೇಲೆ, “ಇನ್ನೂ ಇಲ್ರಿ ಅಜ್ಜಿ” ಎಂದರು.

ಅತ್ತೆ ನನ್ನತ್ತ ತಿರುಗಿ, ಆದರೆ ಇಡೀ ತಾಲೂಕಿಗೆ ಕೇಳುವಂತೆ, “ಅದಕ್ಕ ಹಿಂಗ ಸಿಟ್ಟಿಗೆದ್ದಾನ ಪಾಪ! ಹೊಟ್ಟಿ ಹಸದೈತಿ. ಉಣ್ಣಾಕ ಬಿಡ್ರಿ ಅವಂಗ!” ಎಂದಳು. ಮೀಟಿಂಗ್ ಅಲ್ಲಿಗೇ ಮುಗಿಯಿತು. ಮುಂದೆ ಎಷ್ಟೋ ದಿನ ಸಹೋದ್ಯೋಗಿಗಳು, “ಮೇಡಂ, ನಿಮ್ಮ ಅತ್ತಿಯವರನ್ನ ಮತ್ಯಾವಾಗ ಕರಸ್ತೀರಿ?” ಎಂದು ಕೇಳುತ್ತಿದ್ದರು.

ಈಗ ಕುಂಕುಮದ ವಿಷಯ. ಭಾನುವಾರದ ಮೀಟಿಂಗ್ ಮುಗಿದರೂ ಮುಗಿಯುವುದಿಲ್ಲ. ಅತ್ತೆ ಭರಣಿ ತೆರೆದು ಬೆರಳಿಗೆ ಕುಂಕುಮ ತೆಗೆದುಕೊಳ್ಳುತ್ತಾಳೆ. ಒಬ್ಬೊಬ್ಬರನ್ನೇ ಕರೆಯುತ್ತಾಳೆ. ಕರೆಸಿಕೊಂಡವರು ಕನ್ನಡಕ ತೆಗೆದು, ಕ್ಯಾಮರಾದ ಹತ್ತಿರ ಬರಬೇಕು. “ಮಾರಿ ನೆಟ್ಟಗ ಹಿಡಿ.” ಹಿಡಿಯಬೇಕು. “ನಗು. ನಮ್ಮ ಮನಿಯಿಂದ ನಕ್ಕೋತ ಹೋಗಬೇಕು.” ನಗಬೇಕು. ಆಕೆ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುತ್ತಾಳೆ. ನಮಗೆ ಕಾಣುವುದು ನಮ್ಮತ್ತ ಬರುವ ಒಂದು ದೊಡ್ಡ ಕೆಂಪು ಬೆರಳು. ಅದು ಗಾಜಿಗೆ ತಾಕಿದೊಡನೆ ಆಕೆಯ ಫೋನಿನಲ್ಲಿ ಆ ಒಬ್ಬರ ಮುಖ ಪರದೆ ತುಂಬ ಅಗಲವಾಗಿಬಿಡುತ್ತದೆ. ಫೋನ್ ಇರುವುದೇ ಹಾಗೆ ಎಂದು ಸೊಸೆ ಹೇಳಿದರೆ ಅತ್ತೆ ಒಪ್ಪುವುದಿಲ್ಲ. “ನೋಡ್ ನೋಡ್, ಕುಂಕುಮ ಹಚ್ಚಿದ ಕೂಡ್ಲೇ ಹೆಂಗ ಅರಳಿದಳು!”

ಒಮ್ಮೆ ತಂಗಿಯ ಸರದಿಯಲ್ಲಿ, ಬೆರಳು ಇನ್ನೇನು ತಾಕಬೇಕು, ಆಕೆಯ ಗಂಡ ಚಾರ್ಜರ್ ಹುಡುಕುತ್ತ ನಡುವೆ ಬಗ್ಗಿದ. ಕುಂಕುಮ ಆತನ ಮೂಗಿಗೆ ಬಿತ್ತು. ಬಿದ್ದದ್ದು ಬಬಲೇಶ್ವರದ ಗಾಜಿನ ಮೇಲೆ. “ಅಯ್ಯ, ಅಳಿಯಂದ್ರ ಮೂಗಿಗೆ ಹತ್ತಿತಲ್ಲ!” ಎಂದು ಅತ್ತೆ ಚೀರಿದ್ದೇ ತಡ, ಟಿಕೋಟಾದಲ್ಲಿ ಆ ಮನುಷ್ಯ ಟವೆಲ್ಲಿನಿಂದ ತನ್ನ ಮೂಗು ಒರೆಸಿಕೊಂಡ! ಬಿ.ಎಸ್ಸಿ. ಓದಿದವನು ಸ್ವಾಮಿ!

ಇಲ್ಲಿಯವರೆಗೆ ನಗುತ್ತ ಬರೆದೆ. ಇನ್ನು ಸ್ವಲ್ಪ ನಿಧಾನ.

ನನ್ನ ಗಂಡ ತೀರಿಕೊಂಡ ಮೇಲೆ ಮದುವೆ, ಸೀಮಂತಗಳಲ್ಲಿ ಕುಂಕುಮದ ತಟ್ಟೆ ನನ್ನ ಎಡಗಡೆಯವರಿಂದ ನೇರವಾಗಿ ಬಲಗಡೆಯವರಿಗೆ ಹೋಗುತ್ತದೆ. ಯಾರೂ ಕೆಟ್ಟ ಮಾತು ಆಡುವುದಿಲ್ಲ. ಯಾರೂ ನನ್ನತ್ತ ನೋಡುವುದೂ ಇಲ್ಲ. ತಟ್ಟೆ ಬರುವ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುವುದನ್ನು ನಾನು ರೂಢಿ ಮಾಡಿಕೊಂಡೆ. ಗಂಡ ಹೋದ ನಂತರ ನಾನು ಮತ್ತೆ ಸೇರಿದ ಮೊದಲ ಮೀಟಿಂಗಿನಲ್ಲಿಯೂ ಕುಂಕುಮದ ಭರಣಿ ಹೊರಬಂದಾಗ ಏಳಲು ಹೊರಟಿದ್ದೆ. ಅತ್ತೆ ನನ್ನನ್ನೇ ಕರೆದಳು. “ಎಲ್ಲಿ ಹೊಂಟಿ? ಮಾರಿ ನೆಟ್ಟಗ ಹಿಡಿ.”

ಹೊನವಾಡದ ಕಾಕು ಮೆಲ್ಲಗೆ ಹೇಳಿದಳು: “ಅಕ್ಕಾರ... ಆಕಿಗೆ ಈಗ ಹಚ್ಚಬಾರದಲ್ರಿ.” ಕಾಕು ಕೆಟ್ಟವಳಲ್ಲ. ನನ್ನ ದುಃಖದ ದಿನಗಳಲ್ಲಿ ಹೊನವಾಡದಿಂದ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದವಳೇ. ಆದರೆ ರೀತಿ ರಿವಾಜು ಎಂದರೆ ರೀತಿ ರಿವಾಜು.

ಎಮ್ಮೆಯ ಉಸಿರನ್ನೂ ಬಿಡದೆ ಕೇಳಿಸಿಕೊಳ್ಳುವ ನನ್ನ ಅತ್ತೆ ಆಗ ಏನು ಮಾಡಿದಳು ಗೊತ್ತೇ? ಕಿವಿಗೆ ಕೈ ಹಚ್ಚಿ, “ಹಲೋ? ಏನಂದಿ ಬೇ? ಕೇಳಸವಲ್ದು. ನೆಟ್‌ವರ್ಕ್ ಇಲ್ಲ ನೋಡು ಇಲ್ಲಿ!” ಎಂದಳು. ಕಾಕು ದನಿ ಏರಿಸಿದಳು. “ಏನೂ ಕೇಳಸವಲ್ದು!” ಎನ್ನುತ್ತಲೇ ಬೆರಳು ನನ್ನ ಹಣೆಗೆ ಬಂತು. ಆಮೇಲೆ ನೆಟ್‌ವರ್ಕ್ ತಾನೇ ಮರಳಿತು. “ಹಾಂ, ಈಗ ಕೇಳಾಕತ್ತೈತಿ. ಏನಂತಿದ್ದಿ?”

“ಏನಿಲ್ಲ, ಬಿಡ್ರಿ” ಎಂದಳು ಕಾಕು. ಅಂದಿನಿಂದ ಪ್ರತಿ ಭಾನುವಾರ ನನ್ನ ಸರದಿ ಬಂದಾಗ ಬಬಲೇಶ್ವರದಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು.

ಇನ್ನು ಆ ಭಾನುವಾರ. ಊಟ ಮಾಡುವಾಗ ರೊಟ್ಟಿಯ ತುಂಡು ಬಲಗೈಯಿಂದ ಜಾರಿತು. ಕೈಗೆ ಜೋಮು ಹಿಡಿದಿದೆ ಎಂದುಕೊಂಡೆ. ತಲೆ ಭಾರವಾಗಿತ್ತು. ಮೀಟಿಂಗಿಗೆ ಸೇರಿ, ಕ್ಯಾಮರಾ ಬಂದ್ ಮಾಡಿ ಮಲಗಲೇ ಎಂದು ಅತ್ತೆಯನ್ನು ಕೇಳಿದೆ. “ಹಲ್ಲಿನ ಸೆಟ್ ನಿನಗಿನ್ನಾ ಬಂದಿಲ್ಲ, ಮಾರಿ ತೋರಿಸು” ಎಂದಳು. ಕ್ಯಾಮರಾ ಹಾಗೆಯೇ ಇತ್ತು. ನಡುವೆ ಏನೋ ಮಾತಾಡಿದೆ. “ಅಕ್ಕಾ, ನಿನ್ನ ದನಿ ಒಡದು ಬರಾಕತ್ತೈತಿ, ನೆಟ್ ಸರಿ ಇಲ್ಲ” ಎಂದು ತಂಗಿ ಹೇಳಿದ್ದು ನೆನಪಿದೆ. ಕಾಕು ಕೂಡ, “ಹೌದು, ಆಕಿ ಚಿತ್ರಾನೂ ನಿಂತ ನಿಂತ ಬರಾಕತ್ತೈತಿ” ಎಂದಳು. ನಾನೂ ನೆಟ್ಟೇ ಇರಬೇಕೆಂದು ನಂಬಿದೆ.

ಕುಂಕುಮದ ಸರದಿ ಬಂತು. “ನೆಟ್ಟಗ ಹಿಡಿ.” ಹಿಡಿದೆ. “ನಗು.” ನಕ್ಕೆ, ಅಥವಾ ನಕ್ಕೆನೆಂದುಕೊಂಡೆ. ಬೆರಳು ಬಂತು.

ಮುಂದಿನದನ್ನು ತಂಗಿ ಮತ್ತು ಅತ್ತೆಯ ಸೊಸೆ ಹೇಳಿದಂತೆ ಬರೆಯುತ್ತೇನೆ. ಬೆರಳು ತಾಕಿ ನನ್ನ ಮುಖ ಅಗಲವಾದಾಗ ಅತ್ತೆ ಎಂದಿನಂತೆ ಹಿಗ್ಗಲಿಲ್ಲವಂತೆ. ಸೆರಗಿನಿಂದ ಗಾಜು ಒರೆಸಿದಳು. ಮತ್ತೆ ನೋಡಿದಳು. ಮತ್ತೆ ಒರೆಸಿದಳು. “ನಗು ಬೇ ಇನ್ನೊಮ್ಮೆ” ಎಂದಳು. ನಕ್ಕೆನಂತೆ. ಅರ್ಧ ಮುಖ ನಕ್ಕಿತು, ಅರ್ಧ ಹಾಗೆಯೇ ಜೋತುಬಿದ್ದಿತ್ತು.

“ಮಾರಿ ಒಂದ ಕಡೆ ಇಳದೈತಿ ಆಕೀದು!”

“ನೆಟ್‌ವರ್ಕ್ ಇರಬೇಕ್ರಿ ಅತ್ತಿ” ಎಂದಳು ತಂಗಿ.

“ನೆಟ್‌ವರ್ಕ್ ನೆವಾ ಹೇಳೂದು ನನಗ ಕಲಸ್ತೀಯೇನ? ವಾರಾ ವಾರಾ ಹೇಳಾಕಿ ನಾನು! ಇದು ಅದಲ್ಲ! ಯಾರೂ ಫೋನ್ ಇಡಬ್ಯಾಡ್ರಿ. ಆಕಿ ಮನಿಗೆ ಯಾರನ್ನರ ಕಳಸ್ರಿ, ಲಗೂ!”

ತಂಗಿ ಗಂಡನ ಫೋನಿನಿಂದ ನಮ್ಮ ಮಾಳಿಗೆಯ ಬಾಡಿಗೆಯವರನ್ನು ಎಬ್ಬಿಸಿದಳು. ಆಕೆಯ ಗಂಡ ಟಿಕೋಟಾದಿಂದ ಅಥಣಿ ರಸ್ತೆ ಹಿಡಿದು ಹೊರಟೇಬಿಟ್ಟ. ಬಾಡಿಗೆಯವರು ಗಂಡಹೆಂಡತಿ ಇಳಿದು ಬಂದು ನನ್ನನ್ನು ಆಟೋದಲ್ಲಿ ಕೂಡಿಸಿದರು. ಮೀಟಿಂಗ್ ಬಂದ್ ಮಾಡಲು ಯಾರಿಗೂ ಧೈರ್ಯವಾಗದೆ, ಆ ಹೆಂಗಸು ಫೋನನ್ನು ಕೈಯಲ್ಲಿ ಹಿಡಿದೇ ಆಟೋ ಹತ್ತಿದಳು. ಆಟೋದ ದಾರಿ ಮಾತ್ರ ನನಗೇ ನೆನಪಿದೆ. ನಾಲಿಗೆ ಹೊರಳುತ್ತಿರಲಿಲ್ಲ, ಆದರೆ ಕಿವಿಗೆ ಅತ್ತೆಯ ದನಿ ಬರುತ್ತಿತ್ತು. “ಯಪ್ಪಾ ಆಟೋದಾಂವ, ಲಗೂ ಹೊಡಿ! ತಗ್ಗಿನ್ಯಾಗ ಇಳಸಬ್ಯಾಡ! ಸಾವಕಾಶ ಹೊಡಿ! ಲಗೂ!”

“ಲಗೂ ಹೊಡೀಬೇಕೋ, ಸಾವಕಾಶ ಹೊಡೀಬೇಕೋ? ಯಾರ್ರೀ ಅವರು?” ಎಂದು ಆಟೋದವನು ಕಂಗಾಲಾದ.

“ಬಬಲೇಶ್ವರದವರು” ಎಂದಳು ಆ ಹೆಂಗಸು, ಅದೇ ಉತ್ತರವೆಂಬಂತೆ. ನನಗೆ ನಗು ಬಂತು. ಮುಖದವರೆಗೆ ಬರಲಿಲ್ಲ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕೈ ಎತ್ತಿಸಿ ನೋಡುತ್ತಿದ್ದಾಗಲೂ ಫೋನಿನಿಂದ ದನಿ ಬಂತಂತೆ: “ಡಾಕ್ಟರ್ ಸಾಹೇಬ್ರ, ಊಟಾ ಆತೇನ್ರಿ?” ಆಗಿದೆ ಎಂದರಂತೆ. “ಹಂಗಾರ ಚೊಲೋತ್ನ್ಯಾಗಿ ನೋಡ್ರಿ ನಮ್ಮ ಹುಡುಗಿನ್ನ” ಎಂದಳಂತೆ. ನನಗೆ ಐವತ್ತು ದಾಟಿದೆ! ಪಾರ್ಶ್ವವಾಯು, ವೇಳೆಗೆ ಸರಿಯಾಗಿ ಕರೆತಂದಿದ್ದೀರಿ, ಇನ್ನಷ್ಟು ತಡವಾಗಿದ್ದರೆ ಮಾತು ಮರಳುವುದು ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ಬಂದ ತಂಗಿಗೆ ಹೇಳಿದರು.

ಮಂಚದ ಮೇಲೆ ಮಲಗಿ ನಾನು ಒಂದೇ ವಿಷಯವನ್ನು ಮತ್ತೆ ಮತ್ತೆ ಯೋಚಿಸಿದೆ. ಅತ್ತೆ ರಿವಾಜು ಪಾಲಿಸಿದ್ದರೆ ಆಕೆಯ ಬೆರಳು ನನ್ನನ್ನು ದಾಟಿ ಪಕ್ಕದವರಿಗೆ ಹೋಗುತ್ತಿತ್ತು. ನನ್ನ ಮುಖ ಅಗಲವಾಗುತ್ತಿರಲಿಲ್ಲ. ನಗು ಎಂದು ಯಾರೂ ಹೇಳುತ್ತಿರಲಿಲ್ಲ. ನಾನು ನೀರು ಕುಡಿಯಲು ಎದ್ದುಹೋಗಿ, ಅಡುಗೆಮನೆಯಲ್ಲಿ ಒಬ್ಬಳೇ ಬಿದ್ದಿರುತ್ತಿದ್ದೆ.

ಮನೆಗೆ ಬಂದ ಮೇಲಿನ ಮೊದಲ ಭಾನುವಾರ ತಂಗಿ ನನ್ನನ್ನು ದಿಂಬಿಗೆ ಒರಗಿಸಿ, ಫೋನನ್ನು ಮುಂದೆ ಇಟ್ಟಳು. ಎಲ್ಲರೂ ಮಾತು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. “ಏನ್ ನೋಡಾಕತ್ತೀರಿ? ಆಕೀನ ಟೀವಿ ಮಾಡೀರೇನು?” ಎಂದು ಅತ್ತೆ ಗದರಿಸಿದಳು. ಮಾತು ಶುರುವಾಯಿತು. ಎಮ್ಮೆ ಕೂಗಿತು. ಕೊನೆಗೆ ಕುಂಕುಮದ ಭರಣಿ ಬಂತು.

ಆಗ ಹೊನವಾಡದ ಕಾಕು ಹೇಳಿದಳು: “ಅಕ್ಕಾರ, ಮೊದಲ ಆಕಿಗೆ ಹಚ್ರಿ.”

ಅತ್ತೆ ಕಿವಿಗೆ ಕೈ ಹಚ್ಚಿದಳು. “ಏನಂದಿ? ಕೇಳಸವಲ್ದು. ನೆಟ್‌ವರ್ಕ್ ಇಲ್ಲ ನೋಡು.”

ನೆಟ್‌ವರ್ಕ್ ಚೆನ್ನಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಕಾಕು ಕ್ಯಾಮರಾದ ಹತ್ತಿರ ಬಂದು ದನಿ ಏರಿಸಿದಳು. “ಮೊದಲ ಆಕಿಗೆ ಹಚ್ರಿ ಅಂದೆ!”

“ಹಾಂ. ಈಗ ಕೇಳಿಸ್ತು.”

ನಾನು ಕ್ಯಾಮರಾದ ಹತ್ತಿರ ಬಂದೆ. “ನೆಟ್ಟಗ ಹಿಡಿ.” ಹಿಡಿದೆ. “ನಗು.” ತುಟಿಯ ಎಡತುದಿ ಎದ್ದಿತು. ಬಲತುದಿ ಏಳಲಿಲ್ಲ. ಅತ್ತೆ ಒಂದು ಕಣ್ಣು ಮುಚ್ಚಿ, ಕೆಂಪು ಬೆರಳನ್ನು ಗಾಳಿಯಲ್ಲಿ ಹಾಗೆಯೇ ಹಿಡಿದು ನಿಂತಳು.

“ಅವಸರ ಇಲ್ಲ ಬೇ. ಅದೂ ಬರ್ಲಿ. ಬಂದ ಮ್ಯಾಲೇ ಹಚ್ತೇನಿ.”

ಎಲ್ಲರೂ ಕಾದರು. ಯಾರೂ ಮೀಟಿಂಗ್ ಬಿಟ್ಟು ಹೋಗಲಿಲ್ಲ. ಸಾವಕಾಶವಾಗಿ, ಬಹಳ ಸಾವಕಾಶವಾಗಿ, ಬಲತುದಿ ಎದ್ದು ಬಂತು. ಆಮೇಲೆ ಬೆರಳು ಬಂತು.