ಮೈಕಿನಲ್ಲಿ ಗಂಡನ ಹೆಸರು

ನನ್ನ ಗಂಡನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ಹದಿನೆಂಟು ವರ್ಷ ನಂಬಿದ್ದೆ. ಗೊತ್ತಿರಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಅರಸೀಕೆರೆಯಲ್ಲಿ ಸ್ಕೂಲ್ ಮೇಷ್ಟ್ರು. ಕೈಯಲ್ಲೊಂದು ಕೊಡೆ, ಮೂಗಿನ ಮೇಲೆ ಕೋಪ. ಸಿನಿಮಾ ಎಂದರೆ ಆಗುತ್ತಿರಲಿಲ್ಲ. ನೋಡಿ ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಮ್ಮ ಮನೆಯಲ್ಲಿ ಬೆಂಚಿರಲಿಲ್ಲ, ಆದ್ದರಿಂದ ನನಗೆ ಬರೀ ಬಾಯಿಮಾತಿನಲ್ಲಿ ಹೇಳಿದ್ದರು.

ಆದರೂ ನಾನು ಹೋದೆ. ಪಕ್ಕದ ಮನೆ ಪುಟ್ಟಮ್ಮನ ಜೊತೆ, ಮಧ್ಯಾಹ್ನದ ಆಟಕ್ಕೆ, ಅವರು ಸ್ಕೂಲಿನಲ್ಲಿರುವಾಗ. ಕಥೆ ಇಷ್ಟೆ. ಮದುವೆಯಾಗಿ ಇಪ್ಪತ್ತು ವರ್ಷವಾದ ಒಬ್ಬ ಗಂಡ ಕಮಿಟಿ ಮೀಟಿಂಗು ಎಂದು ಸುಳ್ಳು ಹೇಳಿ ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ಹೆಂಡತಿ ಅಡಿಗೆ ಮಾಡಿಟ್ಟು ಬಾಗಿಲಲ್ಲಿ ಕಾಯುತ್ತಾಳೆ. ಕಾದದ್ದು ಸಾಲದು ಎಂದು ಹಾಡನ್ನೂ ಹೇಳುತ್ತಾಳೆ. ನಾನಾಗಿದ್ದರೆ ಉಂಡು ಮಲಗುತ್ತಿದ್ದೆ. ಪುಟ್ಟಮ್ಮ ಗೊಳೋ ಎಂದು ಅತ್ತಳು. ನಾನು ಅಳಲಿಲ್ಲ. ಸ್ಕೂಲು ಬಿಡುವ ಹೊತ್ತಾಯಿತೆಂದು ಕೊನೆ ನೋಡದೆ ಎದ್ದು ಓಡಿಬಂದೆವು.

ದಾರಿಯಲ್ಲಿ ಪುಟ್ಟಮ್ಮ ಮೂಗು ಒರೆಸಿಕೊಂಡು ಕೇಳಿದಳು. "ಅಕ್ಕಾ, ನಿಮ್ಮ ಮೇಷ್ಟ್ರೂ ಶನಿವಾರ ಶನಿವಾರ ಬಾಣಾವರಕ್ಕೆ ಮೀಟಿಂಗು ಅಂತ ಹೋಗ್ತಾರಲ್ವಾ?"

"ಅದಕ್ಕೇನೀಗ?"

"ಏನಿಲ್ಲ ಕಣಕ್ಕ. ಸುಮ್ನೆ ಕೇಳ್ದೆ."

ಲೋಕದಲ್ಲಿ ಅರ್ಧ ಮನೆ ಮುರಿದಿರುವುದು ಸುಮ್ಮನೆ ಕೇಳುವವರಿಂದ!

ಅಂದಿನಿಂದ ನನ್ನ ತನಿಖೆ ಶುರುವಾಯಿತು. ಶನಿವಾರ ಹೊರಡುವಾಗ ಅವರು ಜೇಬಿಗೆ ಎರಡು ಕರವಸ್ತ್ರ ಇಟ್ಟುಕೊಂಡರು. ಒಬ್ಬ ಗಂಡಸಿಗೆ, ಒಂದೇ ಮೂಗಿಗೆ, ಎರಡು ಕರವಸ್ತ್ರ ಯಾತಕ್ಕೆ? ವಾಪಸು ಬಂದಾಗ ಎರಡೂ ಒದ್ದೆ. ಕಣ್ಣು ಕೆಂಪು. ಇದನ್ನೆಲ್ಲ ಬೇಕಾದರೆ ನೆಗಡಿ ಎಂದುಕೊಳ್ಳಬಹುದಿತ್ತು. ಆದರೆ ಚಪ್ಪಲಿ ಬಿಡುತ್ತ ಅವರು, "ನಿಂದು ಊಟ ಆಯ್ತೇನೇ?" ಎಂದರು.

ಹದಿನೆಂಟು ವರ್ಷದಲ್ಲಿ ಅವರು ಊಟದ ವಿಷಯವಾಗಿ ಆಡಿದ ಮಾತು ಒಂದೇ, "ಹಾಕು". ಈಗ ನನ್ನ ಊಟ ಕೇಳುತ್ತಿದ್ದಾರೆ! ಇದ್ದಕ್ಕಿದ್ದಂತೆ ಒಳ್ಳೆಯ ಮಾತಾಡುವ ಗಂಡ ಏನೋ ಮಾಡಬಾರದ್ದು ಮಾಡಿರಲೇಬೇಕು.

ವಾರವೆಲ್ಲ ನಿದ್ದೆ ಬರಲಿಲ್ಲ. ನಾಲ್ಕು ಮಕ್ಕಳು. ತವರಿನಲ್ಲಿ ಅತ್ತಿಗೆಯ ರಾಜ್ಯ. ಆ ಮನುಷ್ಯ ಕೈಬಿಟ್ಟರೆ ನನಗೆ ಹೋಗಲು ಜಾಗವಿರಲಿಲ್ಲ. ಅದೂ ಅಲ್ಲದೆ, ಆ ಮನುಷ್ಯ ನನಗೆ ರೂಢಿಯಾಗಿಬಿಟ್ಟಿದ್ದರು.

ಮುಂದಿನ ಶನಿವಾರ ಅವರು ರೈಲಿಗೆ ಹೋದ ಮೇಲೆ ಮಕ್ಕಳನ್ನು ಪುಟ್ಟಮ್ಮನಿಗೆ ಒಪ್ಪಿಸಿ ನಾನು ಬಸ್ಸು ಹತ್ತಿದೆ. ಬಾಣಾವರದಲ್ಲಿ ಇಳಿದು, ಮೇಷ್ಟ್ರುಗಳ ಮೀಟಿಂಗು ಎಲ್ಲಿ ಎಂದು ಸೋಡಾ ಅಂಗಡಿಯವನನ್ನು ಕೇಳಿದೆ. ಅವನು ನಕ್ಕ.

"ಇಲ್ಯಾವ ಮೀಟಿಂಗೂ ಇಲ್ಲ ಕಣವ್ವ. ಅರಸೀಕೆರೆ ಕೊಡೆ ಮೇಷ್ಟ್ರು ತಾನೆ? ಅವ್ರು ಶನಿವಾರ ಆಯ್ತು ಅಂದ್ರೆ ಟೆಂಟ್ ಸಿನಿಮಾಕ್ಕೆ ಬತ್ತಾರೆ."

"ಯಾರ ಜೊತೆ?"

"ಕತ್ಲಲ್ಲಿ ಯಾರ ಪಕ್ಕ ಯಾರು ಕೂತವ್ರೆ ಅಂತ ನಾನ್ಯಾಕವ್ವ ನೋಡ್ಲಿ?"

ಟೆಂಟಿನ ಮುಂದೆ ಹೋಗಿ ನೋಡುತ್ತೇನೆ, ಅದೇ ಸಿನಿಮಾ! ಅವಳನ್ನು ಕರೆದುಕೊಂಡು ಆ ಪಾಪದ ಸಿನಿಮಾಕ್ಕೇ ಬಂದಿದ್ದಾರೆ, ನೋಡಿ ಕಲಿಯುವುದಕ್ಕೆ! ಮೊದಲ ಆಟ ನಡೆಯುತ್ತಿತ್ತು. ಒಳಗೆ ನುಗ್ಗಲು ಹೋದರೆ ಟಿಕೆಟ್ಟಿನವನು ಅಡ್ಡ ಬಂದ. ಗಂಡಸರ ಕಡೆ ಹೆಂಗಸರು ಹೋಗುವಂತಿಲ್ಲವಂತೆ. ಬೇಕಾದರೆ ಮೈಕಿನಲ್ಲಿ ಕೂಗುತ್ತೇನೆ, ಹೆಸರು ಹೇಳಿ ಎಂದ.

ಇಲ್ಲಿ ನಾನು ಸಿಕ್ಕಿಬಿದ್ದೆ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಅರಸೀಕೆರೆ ಮೇಷ್ಟ್ರು ಎಂದು ಕೂಗಿಸಿದರೆ ಅವರ ಮಾನ ಕಮ್ಮಿಯಾಗುತ್ತದೆ. ನನಗೆ ಎರಡೂ ಬೇಕಾಗಿತ್ತು. ಎರಡೂ ಇದ್ದರೆ ತಾನೆ ಮನೆಗೆ ಹೋಗಿ ಜಗಳ ಆಡಬಹುದು?

"ಬೆಟ್ಟದ ಮೇಲಿರೋ ದೇವರ ಹೆಸರು" ಎಂದೆ.

"ಮಾದಪ್ಪನಾ?"

ಅಲ್ಲ ಎಂದು ತಲೆಯಾಡಿಸಿದೆ.

"ತಿಮ್ಮಪ್ಪನಾ?"

"ದೇವರು ಅದೇ. ಹೆಸರು ಅದಲ್ಲ."

ನಾಡಿನಲ್ಲಿ ಇಷ್ಟೊಂದು ಬೆಟ್ಟಗಳಿರುವುದು, ಬೆಟ್ಟಕ್ಕೊಬ್ಬ ದೇವರಿರುವುದು ನನಗೆ ಅಂದೇ ಗೊತ್ತಾದದ್ದು. ಅವನಿಗೆ ತಾಳ್ಮೆ ಕೆಟ್ಟಿತು. ಮೈಕು ಹಿಡಿದು, "ಬೆಟ್ಟದ ದೇವ್ರ ಹೆಸರಿನೋರು ಯಾರಿದ್ದೀರೋ ಆಚೆ ಬರ್ರಪ್ಪ. ನಿಮ್ಮ ಹೆಂಡ್ತಿ ಬಾಗಿಲಲ್ಲಿ ಕಾಯ್ತಾವ್ಳೆ" ಎಂದು ಕೂಗಿಬಿಟ್ಟ.

ಐದು ಜನ ಓಡಿ ಬಂದರು! ಒಬ್ಬ ಮಾದಪ್ಪ, ಇಬ್ಬರು ತಿಮ್ಮಪ್ಪ, ಒಬ್ಬ ಮಂಜಪ್ಪ. ನಾಲ್ವರ ಮುಖವೂ ಬೂದಿ ಬಡಿದಂತಿತ್ತು. ನಾನು ತಮ್ಮ ಹೆಂಡತಿ ಅಲ್ಲವೆಂದು ಕಂಡ ಕೂಡಲೇ ಬೆಟ್ಟದ ದೇವರಿಗೇ ಕೈ ಮುಗಿದರು. ಐದನೆಯವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಬಂದಿದ್ದನಂತೆ.

ನಮ್ಮವರು ಮಾತ್ರ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆಯಸ್ಸು ಹೋದರೆ ಹೋಗಲಿ ಎಂದು ಮೈಕು ಕಿತ್ತುಕೊಂಡು, ಕಣ್ಣು ಮುಚ್ಚಿ, ಇದ್ದ ಬದ್ದ ಶಕ್ತಿಯೆಲ್ಲ ಸೇರಿಸಿ ಕಿರುಚಿದೆ.

"ವೆಂಕಟರಮಣಾ!"

ಇಡೀ ಟೆಂಟು ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು. "ಗೋವಿಂದಾ... ಗೋವಿಂದ!"

ಆ ಇನ್ನೂರು ಗೋವಿಂದಗಳಲ್ಲಿ ಒಂದು ಗೊಗ್ಗರು ಗೋವಿಂದ ನನ್ನ ಮನೆಯದು. ಹದಿನೆಂಟು ವರ್ಷ ಪೂಜೆಯ ಹೊತ್ತಿಗೆ ಕೇಳಿದ ದನಿ. ಆಟ ನಿಂತು ದೀಪ ಹತ್ತಿತು. ನಾನು ಒಳಗೆ ನುಗ್ಗಿದೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಮರಳಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಒಂದು ಪಕ್ಕದಲ್ಲಿ ಕೊಡೆ. ಇನ್ನೊಂದು ಪಕ್ಕದಲ್ಲಿ ಕಡಲೆಕಾಯಿ ತಿನ್ನುವ ಒಬ್ಬ ಮುದುಕ. ಕೈಯಲ್ಲಿ ಎರಡನೆಯ ಕರವಸ್ತ್ರ.

"ಯಾರಿಗೇ ಏನಾಯ್ತು? ಮಕ್ಕಳು?" ಎಂದು ಗಾಬರಿಯಿಂದ ಎದ್ದರು.

"ಎಲ್ಲಿ ಅವಳು?"

"ಯಾವಳೇ?"

ಮುದುಕ ಕಡಲೆಕಾಯಿ ಪೊಟ್ಟಣ ತೆಗೆದುಕೊಂಡು ಆಚೆ ಸರಿದ.

ಸ್ಟೇಷನ್ನಿಗೆ ನಡೆಯುವಾಗ ಎಲ್ಲ ಬಾಯಿ ಬಿಟ್ಟರು. ಅರಸೀಕೆರೆಯಲ್ಲಿ ನೋಡಿದರೆ ಹುಡುಗರ ಕಣ್ಣಿಗೆ ಬೀಳುತ್ತಾರೆಂದು ಬಾಣಾವರಕ್ಕೆ ಬರುತ್ತಿದ್ದರಂತೆ. ಈ ಸಿನಿಮಾವನ್ನೇ ಮೂರು ಸಲ ನೋಡಿದ್ದರಂತೆ. ಆಮೇಲೆ ಕೊಡೆಯ ತುದಿ ನೋಡುತ್ತ ಹೇಳಿದರು. "ಆ ಹೆಂಡ್ತಿ ಬಾಗಿಲಲ್ಲಿ ಕಾಯೋದು ಕಂಡ್ರೆ ನಿನ್ನ ನೆನಪಾಗುತ್ತೆ ಕಣೇ."

ನಾನು ಯಾವತ್ತೂ ಬಾಗಿಲಲ್ಲಿ ಕಾದವಳಲ್ಲ. ಅದನ್ನು ಹೇಳಲಿಲ್ಲ. ಅದರ ಬದಲು ಜಾಣತನ ತೋರಿಸಲು ಹೋದೆ.

"ಕಾಯೋದಲ್ಲದೆ ಹಾಡು ಬೇರೆ ಹೇಳ್ತಾಳೆ."

ಅವರು ನಿಂತರು. "ಹಾಡು ಹೇಳೋದು ನಿನಗೆ ಹೇಗೆ ಗೊತ್ತು?"

ಮನೆಯಲ್ಲಿ ಬೆಂಚಿದ್ದಿದ್ದರೆ ಅಂದು ಇಬ್ಬರೂ ಹತ್ತಿ ನಿಲ್ಲಬೇಕಾಗಿತ್ತು.

ನಾಚಿಕೆಯಿಂದ ಅವರು ಬಾಣಾವರ ಬಿಟ್ಟರು. ಎರಡು ಶನಿವಾರ ಮನೆಯಲ್ಲೇ ಕೂತರು. ಕರವಸ್ತ್ರ ಒಣಗಿತು, ಕಣ್ಣು ಬೆಳ್ಳಗಾಯಿತು, ಊಟದ ಮಾತು ಮತ್ತೆ "ಹಾಕು" ಆಯಿತು. ಮೂರನೇ ಶನಿವಾರ ನಾನೇ ಎರಡು ಕರವಸ್ತ್ರ ಮಡಿಸಿ ಅವರ ಜೇಬಿಗೆ ತುರುಕಿದೆ. ಮೂರನೆಯದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೊನೆಗೆ ಆ ಗಂಡ ಮನೆಗೆ ಬಂದನೋ ಇಲ್ಲವೋ ನನಗೂ ನೋಡಬೇಕಾಗಿತ್ತು.

ಬಂದ. ನಾನು ಅಳಲಿಲ್ಲ. ವಾಪಸು ಬರುವ ದಾರಿಯಲ್ಲಿ ಮೂರನೆಯ ಕರವಸ್ತ್ರವನ್ನೂ ಮೇಷ್ಟ್ರೇ ಒದ್ದೆ ಮಾಡಿದರು.

ಹೆಸರು ಕೂಗಿದ್ದರಿಂದ ಆಯಸ್ಸಿಗೇನೂ ಆಗಲಿಲ್ಲ. ಎಂಬತ್ತು ದಾಟಿಯೇ ಹೋದರು. ಹೋಗಿದ್ದು ನನ್ನ ಮಾನ. ಅಂದಿನಿಂದ ಆ ಟೆಂಟು ಎತ್ತುವವರೆಗೆ, ನಾನು ಟಿಕೆಟ್ಟಿಗೆ ಕೈ ಚಾಚಿದಾಗಲೆಲ್ಲ ಆ ಟಿಕೆಟ್ಟಿನವನು ಮೊದಲು ಮೈಕನ್ನು ಎತ್ತಿ ಒಳಗಿಡುತ್ತಿದ್ದ. ಆಮೇಲೆ ಎರಡೂ ಕೈ ಮುಗಿದು, "ಗೋವಿಂದಾ" ಎನ್ನುತ್ತಿದ್ದ.