ಲವಂಗದೆಣ್ಣೆಯೂ ಹುಳದ ಮನೆಯೂ

ಚನ್ನಪಟ್ಟಣದಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನಿಗೆ ನಗುವಿಗೆ ಬರವಿಲ್ಲ. ನಾವು ಒಂದಕ್ಕೆಂದು ಕೊಟ್ಟ ಔಷಧಿ ಮನೆಗೆ ಹೋಗಿ ಇನ್ನೊಂದು ಕೆಲಸ ಮಾಡುತ್ತದೆ. ಹೊಂಗನೂರು ಕಡೆಯ ಒಬ್ಬ ರೇಷ್ಮೆ ರೈತರನ್ನೇ ತೆಗೆದುಕೊಳ್ಳಿ.

೧

ಅವರಿಗೆ ಸೊಂಟದ ಸುತ್ತ ಹುಳಕಡ್ಡಿ. ಡಾಕ್ಟರ ಚೀಟಿ ಮುಂದಿಟ್ಟು, "ಮಾತ್ರೆ ಉಷ್ಣ ಕಣಣ್ಣ. ಲವಂಗದೆಣ್ಣೆ ಫಂಗಸ್ ಕೊಲ್ತದಂತೆ, ಫೋನಲ್ಲಿ ಬಂದೈತೆ. ಅದನ್ನೇ ಕೊಡು" ಅಂದರು.

"ಲ್ಯಾಬಿನ ಬಟ್ಟಲಲ್ಲಿ ಕೊಲ್ಲಬಹುದು, ಸೊಂಟದ ಮಾತು ಬೇರೆ" ಅಂತ ನಾನಂದರೂ ಕೇಳಲಿಲ್ಲ. ಕೊನೆಗೆ ರಾಜಿಯಾಯಿತು: ಮಾತ್ರೆಯನ್ನೂ ನುಂಗಬೇಕು, ಎಣ್ಣೆಯನ್ನು ಎರಡೇ ಹನಿ ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚಬೇಕು.

ಮಾರನೇ ದಿನ ಕಾಲಗಲಿಸಿಕೊಂಡು ಬಂದರು. "ಎರಡು ಹನಿ ಯಾವ ಮೂಲೆಗಣ್ಣ? ಸೀಸೆ ಪೂರಾ ಬಳ್ಕಂಡೆ."

"ಆಮೇಲೆ?"

"ಉರಿ ತಡೀನಾರ್ದೆ ದನದ ತೊಟ್ಟೀಲಿ ಕೂತಿದ್ದೆ. ಹಸ ಬಂದು ನೀರು ಮೂಸ್ಬುಟ್ಟು, ಕುಡೀದೇ ಹೊಂಟೋಯ್ತು."

೨

ಇನ್ನೊಂದು ದಿನ ಎಣ್ಣೆ ಹಚ್ಚಿಕೊಂಡೇ ಬಸ್ಸು ಹತ್ತಿದ್ದರು. ಘಮ ಬಸ್ಸಿಗೆಲ್ಲ ಹರಡಿತು. ಕಂಡಕ್ಟರ್ ಕೂಗಿದನಂತೆ: "ಯಾರ್ರೀ ಅದು ಬಿರಿಯಾನಿ ತಂದಿರೋರು? ಡಬ್ಬ ಸರಿಯಾಗಿ ಮುಚ್ಕಳಿ!"

"ನೀವೇನು ಮಾಡಿದಿರಿ?"

"ಪಂಚೆ ಬಿಗಿಯಾಗಿ ಕಟ್ಕಂಡೆ."

೩

ರೇಷ್ಮೆ ಹುಳಕ್ಕೆ ಗಾಟು ವಾಸನೆ ಆಗುವುದಿಲ್ಲ. ಹುಳ ಮೇಯುವುದು ಬಿಟ್ಟರೆ ಬೆಳೆಯೇ ಹೋಯಿತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಹುಳದ ಮನೆ ಒಸ್ತಿಲು ತುಳಿದ್ರೆ ನೋಡಿ" ಅಂದರಂತೆ. ಕೊನೆಯ ಸಲ ಪೊರೆ ಬಿಟ್ಟೆದ್ದ ಹುಳ ಹಗಲೂ ರಾತ್ರಿ ಮೇಯುತ್ತದೆ. ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು, ಎಲ್ಲಾ ಆಕೆಯ ತಲೆಗೇ ಬಿತ್ತು. ಪಾಪ ಅನ್ನಿಸಿತು ನನಗೆ.

ಇವರ ಸಂಕಟವೇ ಬೇರೆ. "ಇಷ್ಟು ವರ್ಸ ಸಂಸಾರ ಮಾಡಿದೀನಿ, ಒಂದಿನಾನೂ ಹತ್ರ ಬಂದು ಮೂಸಿರ್ನಿಲ್ಲ. ಈಗ ದಿನಾ ಬಾಗ್ಲಲ್ಲಿ ನಿಲ್ಸಿ ಮೂಸ್ತಾಳೆ ಕಣಣ್ಣ."

೪

ಹುಳಕಡ್ಡಿ ವಾಸಿಯಾಯಿತು. ಡಾಕ್ಟರು ಮಾತ್ರೆ ನಿಲ್ಲಿಸಿದರು. ಎಣ್ಣೆ ಮಾತ್ರ ನಿಲ್ಲಲಿಲ್ಲ. ಪ್ರತಿ ಬೆಳೆಗೂ, ಹುಳ ಜೋರಾಗಿ ಮೇಯಲು ಶುರುಮಾಡಿದ ದಿನವೇ ಈ ಮಹಾರಾಯರು ಹಾಜರು. "ವಾಸಿಯಾಯ್ತಲ್ಲ?" ಅಂದರೆ, "ತಿರ್ಗಾ ಬಂದ್ರೆ?" ಅನ್ನುವರು. ಎಣ್ಣೆ ಹಚ್ಚಿಕೊಂಡು ಜಗಲಿ ಮೇಲೆ ಇಸ್ಪೀಟು ಆಡುತ್ತಾರೆ ಅಂತ ಅವರ ಊರಿನವರೇ ಹೇಳಿದರು.

ಮೊನ್ನೆ ಬೆಳಿಗ್ಗೆ ಅವರ ಹೆಂಡತಿಯೇ ಅಂಗಡಿಗೆ ಬಂದರು. "ಅಣ್ಣ, ಆ ಎಣ್ಣೆ ನಂಗೂ ಒಂದು ಸೀಸೆ ಕೊಡಿ."

"ನಿಮಗೂ ಅಂಟಿತೇನಮ್ಮಾ?"

"ನಂಗೇನೂ ಇಲ್ಲ." ಅಲ್ಲೇ ಮುಚ್ಚಳ ತೆಗೆದು ಸೆರಗಿಗೆ ಸುರಿದುಕೊಂಡರು. "ನಾನೂ ಹೋಗಿ ಜಗಲಿ ಮೇಲೆ ಕೂತ್ಕತೀನಿ. ಹುಳ ಇವತ್ತೇ ಎದ್ದವೆ. ಯಾರು ಸೊಪ್ಪು ಹಾಕ್ತಾರೋ ನೋಡಾಣ."

ಮಧ್ಯಾಹ್ನ ಯಜಮಾನರು ಏದುಸಿರು ಬಿಡುತ್ತಾ ಓಡಿಬಂದರು.

"ಅಣ್ಣ, ಬೇಗ ಒಂದು ಸೋಪು ಕೊಡು. ವಾಸ್ನೆ ಇಲ್ದಿರೋದು!"