ಏಳನೆಯವನ ಯೋಗಕ್ಷೇಮ

ಸೋಲಾರ್ ಸೆಲ್ ಎಷ್ಟು ದಿನ ಬಾಳುತ್ತದೆ ಎಂದು ಕಾಯುತ್ತ ಕೂರುವುದೇ ಸಂಬಳದ ಕೆಲಸವಾದವನಿಗೆ ನಗುವ ಪ್ರಸಂಗಗಳು ತಾವಾಗಿಯೇ ಬರುತ್ತವೆ. ಪ್ರತಿಯೊಂದರಲ್ಲೂ ಯಾರಾದರೂ ಸಾಯುತ್ತಿರುತ್ತಾರೆ, ಅಷ್ಟೆ.

೧. ಉಪ್ಪಿನಕಾಯಿ

ವಿಶಾಖಪಟ್ಟಣದ ನಮ್ಮ ಲ್ಯಾಬಿನಲ್ಲಿ ಮಾಡುವುದು ತೆಳುಪದರದ ಸೆಲ್. ಗಾಜಿಗೆ ಬಣ್ಣ ಬಳಿದಷ್ಟೇ ತೆಳು. ತೇವ ಸೋಕಿದರೆ ಹೋಯಿತು. ಬಂದರಿನ ಊರಿನಲ್ಲಿ ತೇವವಲ್ಲದೆ ಇನ್ನೇನಿದೆ? ಬಿಸಿ, ತೇವ ತುಂಬಿದ ಪೆಟ್ಟಿಗೆಯೊಳಗೆ ಒಂದಾದರೂ ಸಾವಿರ ಗಂಟೆ ಬಾಳಬೇಕು. ಇಲ್ಲದಿದ್ದರೆ ಯೋಜನೆ ಬಂದ್. ಅಂಚಿನ ಸೀಲು ಬದಲಿಸಿ ಬದಲಿಸಿ ಆರು ಸೆಲ್ ಸತ್ತವು.

ನಮ್ಮ ಮುಖ್ಯಸ್ಥರು ಧಾರವಾಡದವರು. ಅವರ ಕಿಡ್ನಿಗಳೂ ಕೈಕೊಟ್ಟಿದ್ದವು. ಊಟಕ್ಕೆ ಕೂತಾಗ, "ನನ್ನಾಕಿ ಹಾಕಿದ ಉಪ್ಪಿನಕಾಯಿ ಎರಡು ವರ್ಷ ಕೆಡಂಗಿಲ್ಲ. ಸೀಲ್ ಹಾಕಾಕ ಆಕಿನ್ನ ಕರಸೂಣೇನು?" ಎಂದರು. ವೈದ್ಯರು ಉಪ್ಪು ಬಿಡಿಸಿದ್ದರಿಂದ ಉಪ್ಪಿನಕಾಯಿಯನ್ನು ನನ್ನ ತಟ್ಟೆಗೆ ಬಡಿಸಿ, ವಾಸನೆ ಮಾತ್ರ ತೆಗೆದುಕೊಂಡರು.

೨. ಆಯುಧಪೂಜೆ

ವಿಜಯವಾಡದ ಒಂದು ತಾರಸಿಯಲ್ಲೂ ಪರೀಕ್ಷೆಗೆಂದು ಇಟ್ಟ ನಮ್ಮ ಫಲಕಗಳಿದ್ದವು. ದಸರೆಯಲ್ಲಿ ಒಂದೇ ಬೆಳಿಗ್ಗೆ ಎಲ್ಲದರ ವಿದ್ಯುತ್ ಕುಸಿಯಿತು. ವಾರವಿಡೀ ತಲೆ ಕೆರೆದುಕೊಂಡು, ಹೊಸ ಬಗೆಯ ಸವಕಳಿ ಕಂಡುಹಿಡಿದೆವೆಂದು ಹತ್ತು ಪುಟ ಬರೆದೆವು. ಹೋಗಿ ನೋಡಿದರೆ ವಾಚ್‌ಮನ್ ಒಂದೊಂದು ಫಲಕಕ್ಕೂ ಅಂಗೈಯಗಲ ಅರಿಶಿನ ಕುಂಕುಮ ಮೆತ್ತಿದ್ದ. ಒರೆಸಲು ಹೋದೆ. ಅವನು ಕೈ ಹಿಡಿದು ತೆಲುಗಿನಲ್ಲಿ, "ಬೇಡ ಸಾರ್. ಇವು ಬೇಗ ಸಾಯುತ್ತವೆ ಅಂತ ನೀವೇ ಹೇಳಿದಿರಲ್ಲ, ಆಯುಷ್ಯಕ್ಕೆ ಅಂತಲೇ ಹಚ್ಚಿದೆ" ಎಂದ.

೩. ಏಳನೆಯವನು

ಏಳನೆಯ ಸೆಲ್ ಪೆಟ್ಟಿಗೆಯೊಳಗೆ ಹೋದ ವಾರವೇ ಮುಖ್ಯಸ್ಥರು ಆಸ್ಪತ್ರೆ ಸೇರಿದರು. ಸೆಲ್‌ಗಳನ್ನು ಮನೆಮಕ್ಕಳಂತೆ 'ಅವನು' ಎನ್ನುವುದು ನಮ್ಮ ಲ್ಯಾಬಿನ ರೂಢಿ. ದಿನಾ ಬೆಳಿಗ್ಗೆ ಫೋನ್ ಮಾಡಿ, "ಏಳನೇದವ ಹ್ಯಾಂಗದಾನ?" ಎನ್ನುವರು. "ಗಟ್ಟಿಯಾಗಿದಾನೆ ಸರ್." ಅದನ್ನೇ ತೆಲುಗಿನಲ್ಲಿ ನರ್ಸಿಗೂ ಒಪ್ಪಿಸುವರು.

ನೋಡಲು ಹೋದಾಗ ಆಕೆ ನನ್ನನ್ನು ಬಾಗಿಲಲ್ಲೇ ತಡೆದು, "ಉಳಿದ ಆರು ಮಕ್ಕಳು ಯಾಕೆ ಬರುವುದಿಲ್ಲ?" ಎಂದು ಕೇಳಿದಳು. ಯೋಚಿಸದೆ, "ಆರೂ ಸತ್ತರು, ತೇವ ಹೊಕ್ಕು" ಎಂದುಬಿಟ್ಟೆ. ಆಕೆಯ ಕಣ್ಣು ತುಂಬಿತು. ಒಳಗೆ ಹೋಗಿ ಕೂತು ಇದನ್ನು ಮುಖ್ಯಸ್ಥರಿಗೆ ತಿಳಿಸಿ, ಆಕೆಗೆ ನಿಜ ಹೇಳಿ ಬರುತ್ತೇನೆಂದು ಎದ್ದರೆ ಅವರು ಬಿಡಲಿಲ್ಲ. "ಸುಮ್ನಿರು ಮಾರಾಯ, ಎರಡನೇ ದಿಂಬು ಕೊಟ್ಟಾಳ."

ಒಂಬೈನೂರ ಎಪ್ಪತ್ತನೆಯ ಗಂಟೆಗೆ, ಬೆಳಿಗ್ಗೆ, ಎಂದಿನಂತೆ ಫೋನ್ ಬಂತು. ದನಿ ನರ್ಸಿನದು. ಸರ್ ಹೋಗಿಬಿಟ್ಟರು ಎಂದಳು. ಆಮೇಲೆ ಮೆಲ್ಲಗೆ, "ಆ ಏಳನೆಯವನಿಗೆ ಈಗಲೇ ಹೇಳಬೇಡಿ. ಪಾಪ, ತಡೆದುಕೊಳ್ಳುವುದಿಲ್ಲ" ಎಂದಳು.

ಪೆಟ್ಟಿಗೆಯ ಮುಂದೆ ಕೂತು ಅತ್ತೆ. ಅವನಿಗೆ ಹೇಳಲಿಲ್ಲ. ಮರುದಿನ ಸಂಜೆ ಅವನು ಸಾವಿರ ದಾಟಿದ.